ಸಂಪಾದಕರ ಉತ್ತರ: ಬೀಟಲ್ಸ್‌ಗೆ ಬಣ್ಣ ಬಂದಿದ್ದು ಎಲ್ಲಿಂದ?

(ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: "ಬ್ರಿಟನ್ನಿನ ಪಾಪ್ ತಂಡ ಬೀಟಲ್ಸ್ 1964ರಲ್ಲಿ ಅಮೆರಿಕದ ಟಿವಿಯಲ್ಲಿ ಹಾಡಿದ್ದು ಕಪ್ಪು-ಬಿಳುಪು. ಎರಡು ವರ್ಷದ ಮೇಲೆ ಜಪಾನಿನಲ್ಲಿ ಹಾಡಿದ್ದು ಬಣ್ಣದಲ್ಲಿದೆ. 1967ರಲ್ಲಿ ಲಂಡನ್ ಸ್ಟುಡಿಯೋದಿಂದ ಇಡೀ ಜಗತ್ತಿಗೆ ಹಾಡಿದ್ದು ಯೂಟ್ಯೂಬ್‌ನಲ್ಲಿ ಎರಡೂ ಥರ ಸಿಗುತ್ತೆ. ಇದರಲ್ಲಿ ಯಾವುದು ನಿಜವಾದ ಬಣ್ಣ, ಯಾವುದು ಕಂಪ್ಯೂಟರ್ ಬಳಿದದ್ದು? ಕಂಡುಹಿಡಿಯೋದು ಹೇಗೆ? ನೀವಾದ್ರೆ ಮೊದಲು ಯಾವುದನ್ನು ನೋಡ್ತೀರಿ?")

ನಮಸ್ಕಾರ.

ಮೊದಲು ನೇರ ಉತ್ತರ. ಜಪಾನಿನದು ಅಸಲಿ ಬಣ್ಣ. ಲಂಡನ್ನಿನದು ಆಮೇಲೆ ಬಳಿದದ್ದು. 1967ರ ಜೂನ್ 25ರ ಆ ನೇರ ಪ್ರಸಾರ ನಡೆದದ್ದೇ ಕಪ್ಪು-ಬಿಳುಪಿನಲ್ಲಿ. 1995ರಲ್ಲಿ ಬೀಟಲ್ಸ್ ಬಗ್ಗೆ ದೊಡ್ಡ ಸಾಕ್ಷ್ಯಚಿತ್ರ ಸರಣಿ ಬಂತಲ್ಲ, ಅದಕ್ಕಾಗಿ ಕಂಪ್ಯೂಟರ್‌ನಲ್ಲಿ ಬಣ್ಣ ಹಾಕಿದರು. ಅಂದು ತೆಗೆದ ಬಣ್ಣದ ಫೋಟೋಗಳು ಇದ್ದವು. ಅವನ್ನು ನೋಡಿಕೊಂಡೇ ಹಾಕಿದ್ದರಿಂದ ಕೆಲಸ ಚೆನ್ನಾಗಿದೆ. ಆದರೂ ಬಳಿದದ್ದು ಬಳಿದದ್ದೇ.

ಇನ್ನು ಅಮೆರಿಕದ ವಿಷಯ. ಅಲ್ಲಿ ಬಣ್ಣದ ಟಿವಿಗೆ ಒಪ್ಪಿಗೆ ಸಿಕ್ಕಿದ್ದು 1953ರಲ್ಲೇ. ಹಾಗಾದ್ರೆ 1964ರಲ್ಲಿ ಯಾಕೆ ಕಪ್ಪು-ಬಿಳುಪು? ಇದು ಬರೀ ವ್ಯಾಪಾರದ ಲೆಕ್ಕಾಚಾರ. ಎನ್‌ಬಿಸಿ ಚಾನೆಲ್ಲಿನ ಮಾಲೀಕರು ಆರ್‌ಸಿಎ ಕಂಪನಿಯವರು. ಅವರೇ ಬಣ್ಣದ ಟಿವಿ ಸೆಟ್ ಮಾಡಿ ಮಾರುತ್ತಿದ್ದರು. ಹಾಗಾಗಿ ಎನ್‌ಬಿಸಿಯಲ್ಲಿ ಬಣ್ಣ ಜಾಸ್ತಿ. ಎದುರಾಳಿ ಸಿಬಿಎಸ್‌ಗೆ ಅವರ ಸೆಟ್ ಮಾರಿಕೊಡುವ ಹುಮ್ಮಸ್ಸು ಎಲ್ಲಿಂದ ಬರಬೇಕು? 1964ರಲ್ಲಿ ಬೀಟಲ್ಸ್ ಹಾಡಿದ ಎಡ್ ಸಲಿವನ್ ಕಾರ್ಯಕ್ರಮ ಬರುತ್ತಿದ್ದದ್ದು ಆ ಸಿಬಿಎಸ್‌ನಲ್ಲಿ. ಅದು ಕಾಯಂ ಆಗಿ ಬಣ್ಣಕ್ಕೆ ತಿರುಗಿದ್ದು 1965ರ ಅಕ್ಟೋಬರ್ 31ಕ್ಕೆ. ಬೀಟಲ್ಸ್ ಆ ವೇದಿಕೆಯಲ್ಲಿ ಹಾಡಿದ ಕೊನೆಯ ಕಾರ್ಯಕ್ರಮ ಪ್ರಸಾರವಾದದ್ದು ಅದೇ ವರ್ಷದ ಸೆಪ್ಟೆಂಬರ್ 12ಕ್ಕೆ. ಏಳೇ ವಾರ! ಅಭಿಮಾನಿಗಳಿಗೆ ಹೊಟ್ಟೆ ಉರಿಯದೆ ಇರುತ್ತಾ?

ಜಪಾನಿನಲ್ಲಿ 1960ರ ಸೆಪ್ಟೆಂಬರ್‌ನಿಂದಲೇ ಬಣ್ಣದ ಪ್ರಸಾರ ಇತ್ತು. 1966ರಲ್ಲಿ ಟೋಕಿಯೋದ ಬುಡೋಕಾನ್‌ನಲ್ಲಿ ಬೀಟಲ್ಸ್ ಹಾಡಿದಾಗ ನಿಪ್ಪಾನ್ ಟೆಲಿವಿಷನ್‌ನವರು ಬಣ್ಣದ ಟೇಪಿನಲ್ಲಿ ಹಿಡಿದರು. ಜೂನ್ 30ರಂದು ಒಮ್ಮೆ, ಅದು ತಂಡದ ಕಡೆಯವರಿಗೆ ಹಿಡಿಸಲಿಲ್ಲ ಅಂತ ಜುಲೈ 1ರಂದು ಇನ್ನೊಮ್ಮೆ. ಗಾಢ ಬಣ್ಣದ ಸೂಟು ಹಾಕಿದ್ದರೆ ಮೊದಲ ದಿನದ್ದು, ತಿಳಿ ಬಣ್ಣದ ಸೂಟು ಹಾಕಿದ್ದರೆ ಎರಡನೇ ದಿನದ್ದು. ಮೊದಲ ದಿನದ್ದರಲ್ಲಿ ಮೈಕು ಒಂದು ಕಡೆ ನಿಲ್ಲುವುದಿಲ್ಲ. ಅತ್ತಿತ್ತ ತಿರುಗುತ್ತಲೇ ಇರುತ್ತದೆ. ತಂಡದ ಗಾಯಕ ಪಾಲ್ ಮೆಕಾರ್ಟ್ನಿಯ ಎರಡು ಕೈಯೂ ಗಿಟಾರ್ ಮೇಲೆ. ಹಾಡಿನ ನಡುವೆಯೇ ಅದನ್ನು ಸರಿಮಾಡಿಕೊಳ್ಳುವ ಒದ್ದಾಟ ನೋಡಬೇಕು. ಬೇಡ ಅಂದ ಟೇಪೇ ನನಗೆ ಹೆಚ್ಚು ಇಷ್ಟ. ಜಗತ್ತನ್ನೇ ಗೆದ್ದ ತಂಡ ಒಂದು ಮೈಕಿನ ಮುಂದೆ ಪೇಚಾಡೋದು ಎಲ್ಲಿ ಸಿಗುತ್ತೆ ಹೇಳಿ!

ಬಣ್ಣದಲ್ಲಿ ಹಿಡಿದ ಮಾತ್ರಕ್ಕೆ ಬಣ್ಣ ಉಳಿದುಬಿಡುತ್ತಿರಲಿಲ್ಲ. ಕಥೆಯ ಬೇಸರದ ಭಾಗ ಇದೇ. ಅಂದಿನ ವಿಡಿಯೋ ಟೇಪು ಎರಡು ಇಂಚು ಅಗಲ. ಸೆಕೆಂಡಿಗೆ 15 ಇಂಚು ಓಡುತ್ತಿತ್ತು. ಒಂದು ಗಂಟೆಯ ರೀಲು ಎತ್ತುವುದೇ ಒಂದು ಕೆಲಸ, ಬೆಲೆಯೂ ಕಡಿಮೆ ಇರಲಿಲ್ಲ. ಆದರೆ ಅಳಿಸಿ ಮತ್ತೆ ಬಳಸಬಹುದಿತ್ತು. ಟಿವಿಯವರಿಗೆ ಅದು ಶಾಲೆ ಮಕ್ಕಳ ಸ್ಲೇಟು ಇದ್ದ ಹಾಗೆ. ಕಾರ್ಯಕ್ರಮ ಪ್ರಸಾರ ಆಯಿತು, ಒರೆಸು, ಮುಂದಿನದ್ದು ಬರೆ. ಬ್ರಿಟನ್‌ನಲ್ಲಿ ಕಲಾವಿದರ ಸಂಘಗಳು ಮರುಪ್ರಸಾರಕ್ಕೆ ಮಿತಿ ಹಾಕಿದ್ದವು. ಮತ್ತೆ ತೋರಿಸೋಕೇ ಆಗದ ಟೇಪನ್ನು ಯಾರು ತಾನೇ ಕಪಾಟಿನಲ್ಲಿ ಕೂರಿಸಿಕೊಳ್ಳುತ್ತಾರೆ? ಆಗ ಮನೆಯಲ್ಲಿ ವಿಡಿಯೋ ಇಲ್ಲ, ಕ್ಯಾಸೆಟ್ ಮಾರಾಟದ ಯೋಚನೆಯೂ ಇಲ್ಲ.

ಅಮೆರಿಕದ 'ಹಲ್ಲಬಲೂ' ಎಂಬ ಪಾಪ್ ಸಂಗೀತದ ಕಾರ್ಯಕ್ರಮ ಇದಕ್ಕೆ ಒಳ್ಳೆ ಉದಾಹರಣೆ. 1965-66ರಲ್ಲಿ ಎನ್‌ಬಿಸಿಯಲ್ಲಿ ಬಂತು. ಕುಣಿತ, ಸೆಟ್ಟು, ಬಟ್ಟೆ ಎಲ್ಲ ಬಣ್ಣಕ್ಕಾಗೇ ಮಾಡಿದ್ದು. ಇವತ್ತು ಅದರ ಬಹುಪಾಲು ಸಿಗುವುದು ಕಪ್ಪು-ಬಿಳುಪು ಕಿನೆಸ್ಕೋಪಿನಲ್ಲಿ, ಅಂದರೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿಯಲ್ಲಿ. ಬಣ್ಣದ ಟೇಪು ಉಳಿದ ಕಂತುಗಳು ಬೆರಳೆಣಿಕೆಯಷ್ಟು. ಸಲಿವನ್ ಕಾರ್ಯಕ್ರಮದ ಕಥೆಯೇ ಬೇರೆ. ಅವರು ತಮ್ಮ ಟೇಪುಗಳನ್ನು ಜೋಪಾನ ಮಾಡಿದರು. 1990ರಲ್ಲಿ ಆ ಇಡೀ ಸಂಗ್ರಹದ ಹಕ್ಕು ಆಂಡ್ರ್ಯೂ ಸೋಲ್ಟ್ ಎಂಬ ನಿರ್ಮಾಪಕರ ಕೈಗೆ ಬಂತು.

ಹಾಗಾಗಿಯೇ 1967ರ ಸೆಪ್ಟೆಂಬರ್ 17ರ ಭಾನುವಾರ ನಮಗೆ ಹಾಗೇ ಸಿಕ್ಕಿದೆ. ಅಂದು ಸಂಜೆ ಸಲಿವನ್ ವೇದಿಕೆಯಲ್ಲಿ 'ದ ಡೋರ್ಸ್' ತಂಡ. ಹೆಸರಿಗೆ ತಕ್ಕ ಹಾಗೆ ಹಿಂದೆಲ್ಲ ಬಾಗಿಲುಗಳನ್ನೇ ತೂಗುಹಾಕಿದ್ದಾರೆ. ಹಾಡಿನ ಒಂದು ಪದ ಬದಲಾಯಿಸಿ ಅಂತ ಹೇಳಿದ್ದರು. ತಂಡದ ಗಾಯಕ ಜಿಮ್ ಮಾರಿಸನ್ ಬದಲಾಯಿಸಲಿಲ್ಲ. ಮತ್ತೆ ಅವರನ್ನು ಕರೆಯಲೂ ಇಲ್ಲ. ಅದೇ ರಾತ್ರಿ, ಅದೇ ಚಾನೆಲ್ಲಿನಲ್ಲಿ, ಸ್ಮದರ್ಸ್ ಬ್ರದರ್ಸ್ ಕಾರ್ಯಕ್ರಮದಲ್ಲಿ 'ದ ಹೂ' ತಂಡ. ಕೀತ್ ಮೂನ್ ತನ್ನ ಡ್ರಮ್ಮಿನೊಳಗೆ ಸಿಡಿಮದ್ದು ಜಾಸ್ತಿ ತುಂಬಿಸಿಬಿಟ್ಟಿದ್ದ. ಅದು ಢಮಾರ್ ಅಂದಾಗ ಇಡೀ ಚಿತ್ರ ಒಂದು ಕ್ಷಣ ಬೆಳ್ಳಗಾಗುತ್ತೆ. ಹೊಗೆ ಒಳಗಿಂದ ಗಿಟಾರ್ ನುಡಿಸುವ ಪೀಟ್ ಟೌನ್‌ಶೆಂಡ್ ತಲೆಗೂದಲು ತಟ್ಟಿಕೊಳ್ಳುತ್ತಾ ಬರುತ್ತಾರೆ. ಎರಡೂ ಅಸಲಿ ಬಣ್ಣ.

ಬ್ರಿಟನ್ನಿನ ಕಥೆ ನೆನಪಿಟ್ಟುಕೊಂಡರೆ ನಿಮ್ಮ ಅರ್ಧ ಗೊಂದಲ ಪರಿಹಾರ ಆಗುತ್ತೆ. ಬಿಬಿಸಿ-2ರಲ್ಲಿ ಬಣ್ಣ ಶುರುವಾದದ್ದು 1967ರ ಜುಲೈ 1ಕ್ಕೆ, ವಿಂಬಲ್ಡನ್ ಟೆನಿಸ್ ಮೂಲಕ. ಬಿಬಿಸಿ-1 ಮತ್ತು ಖಾಸಗಿ ಚಾನೆಲ್ ಐಟಿವಿಗೆ ಬಂದದ್ದು 1969ರ ನವೆಂಬರ್ 15ಕ್ಕೆ. 'ಟಾಪ್ ಆಫ್ ದ ಪಾಪ್ಸ್' ಎಂಬ ಪಾಪ್ ಹಾಡುಗಳ ಕಾರ್ಯಕ್ರಮ ಬಿಬಿಸಿ-1ರದ್ದು. ಅಂದಮೇಲೆ 1966ರ ಆ ಕಾರ್ಯಕ್ರಮ ಬಣ್ಣದಲ್ಲಿ ಸಿಕ್ಕಿದೆ ಅಂತ ಯಾರಾದ್ರೂ ಹಾಕಿದರೆ ನಂಬಬೇಡಿ. ಅಸಲಿಗೆ ಕಪ್ಪು-ಬಿಳುಪಿನಲ್ಲೂ ಉಳಿದದ್ದು ತೀರಾ ಕಡಿಮೆ. 1966ರ ಜೂನ್‌ನಲ್ಲಿ ಬೀಟಲ್ಸ್ ಅಲ್ಲಿಗೆ ಬಂದದ್ದರ ಟೇಪು ಹೋಯಿತು. 2019ರಲ್ಲಿ ಸಿಕ್ಕಿದ್ದು ಮನೆಯ ಟಿವಿ ಮುಂದೆ ಯಾರೋ 8 ಎಂಎಂ ಕ್ಯಾಮೆರಾ ಹಿಡಿದು ತೆಗೆದ 11 ಸೆಕೆಂಡು. ಅದೂ ಮೂಕಿ!

ಬಿಬಿಸಿ-2ರಲ್ಲಿ 1968-69ರಲ್ಲಿ 'ಕಲರ್ ಮಿ ಪಾಪ್' ಅಂತಲೇ ಒಂದು ಕಾರ್ಯಕ್ರಮ ಇತ್ತು. ಹೆಸರಿನಲ್ಲೇ ಬಣ್ಣ. ವಾರಕ್ಕೊಂದು ತಂಡಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಅದರಲ್ಲೂ ಬಹುತೇಕ ಒರೆಸಿಹೋಯಿತು. 'ಸ್ಮಾಲ್ ಫೇಸಸ್', 'ದ ಮೂವ್' ಥರದ ಕೆಲವು ಮಾತ್ರ ಉಳಿದವು.

ಹೀಗಿರುವಾಗ 1968ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದ ಬೀಟಲ್ಸ್ ಹಾಡು 'ಹೇ ಜೂಡ್' ಬಣ್ಣದಲ್ಲಿ ಇರೋದು ಹೇಗೆ? ಬ್ರಿಟನ್ನಿನ ಜನ ಅದನ್ನು ಸೆಪ್ಟೆಂಬರ್ 8ರಂದು ಡೇವಿಡ್ ಫ್ರಾಸ್ಟ್ ಕಾರ್ಯಕ್ರಮದಲ್ಲಿ ನೋಡಿದ್ದು ಕಪ್ಪು-ಬಿಳುಪಿನಲ್ಲೇ. ಆದರೆ ಅದು ಅಮೆರಿಕಕ್ಕೂ ಹೋಗಬೇಕಿತ್ತು. ಅಲ್ಲಿ ಅಷ್ಟು ಹೊತ್ತಿಗೆ ಎಲ್ಲರೂ ಬಣ್ಣ ಕೇಳುತ್ತಿದ್ದರು. ಅದಕ್ಕೇ ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್ ಬಣ್ಣದ ಟೇಪಿನಲ್ಲಿ ಹಿಡಿದರು. ಅಕ್ಟೋಬರ್ 6ಕ್ಕೆ ಅಮೆರಿಕದವರು ಬಣ್ಣದಲ್ಲಿ ನೋಡಿದರು. ಅರವತ್ತರ ದಶಕದ ಬ್ರಿಟಿಷ್ ಪಾಪ್ ಬಣ್ಣದಲ್ಲಿ ಕಂಡಾಗಲೆಲ್ಲ ನಾನು ಮೊದಲು ಹುಡುಕೋದು ಈ ವಿದೇಶಿ ಗಿರಾಕಿಯನ್ನು. ಸಾಮಾನ್ಯವಾಗಿ ಎಲ್ಲೋ ಇದ್ದೇ ಇರುತ್ತಾನೆ.

ಇನ್ನು ಗುರುತಿಸೋದು ಹೇಗೆ ಅನ್ನೋದು. ಮೊದಲು ತಾರೀಖು, ದೇಶ, ಚಾನೆಲ್ ನೋಡಿ. ಆ ಚಾನೆಲ್ಲಿನಲ್ಲಿ ಅವತ್ತು ಬಣ್ಣವೇ ಇರಲಿಲ್ಲ, ಹೊರಗಿನ ಗಿರಾಕಿಯೂ ಇಲ್ಲ, ಬಣ್ಣದ ಫಿಲ್ಮಿನಲ್ಲೂ ತೆಗೆದಿಲ್ಲ ಅಂದರೆ ಅನುಮಾನಪಡಿ. ಆಮೇಲೆ ಕಣ್ಣಿನ ಪರೀಕ್ಷೆ. ಹಳೇ ಬಣ್ಣದ ಟೇಪಿನಲ್ಲಿ ಕೆಂಪು ಬಟ್ಟೆಯ ಅಂಚು ಸ್ವಲ್ಪ ಸೋರಿದ ಹಾಗಿರುತ್ತೆ. ಫಳಫಳ ಹೊಳೆಯುವ ವಸ್ತು ಅಲ್ಲಾಡಿದರೆ ಹಿಂದೆ ಬಾಲ ಎಳೆಯುತ್ತೆ. ಈಗಿನ ಕಂಪ್ಯೂಟರ್ ಬಣ್ಣದಲ್ಲಿ ಎಲ್ಲರ ಮುಖಕ್ಕೂ ಒಂದೇ ಮಣ್ಣಿನ ಬಣ್ಣ. ಗಿಟಾರು ಒಂದು ಶಾಟಿನಲ್ಲಿ ಕಂದು, ಮುಂದಿನದರಲ್ಲಿ ಬೂದು.

ಎರಡಕ್ಕೂ ಸೇರದ ಮೂರನೇ ಜಾತಿಯೂ ಒಂದಿದೆ. ಬಣ್ಣದ ಕಾರ್ಯಕ್ರಮವನ್ನು ಪರದೆಯಿಂದ ಕಪ್ಪು-ಬಿಳುಪು ಫಿಲ್ಮಿಗೆ ಇಳಿಸುವಾಗ ಕೆಲವೊಮ್ಮೆ ಬಣ್ಣದ ಸಂಕೇತವೂ ಸಣ್ಣ ಸಣ್ಣ ಚುಕ್ಕೆಗಳಾಗಿ ಫಿಲ್ಮಿನಲ್ಲಿ ಕೂತುಬಿಟ್ಟಿರುತ್ತೆ. ಬ್ರಿಟನ್ನಿನ ಕೆಲವು ಎಂಜಿನಿಯರುಗಳು ಆ ಚುಕ್ಕೆಗಳನ್ನು ಓದಿ ಬಣ್ಣ ವಾಪಸ್ ತಂದರು. 2008ರಲ್ಲಿ ಬಿಬಿಸಿ ಹೀಗೆ ವಾಪಸ್ ಬಂದ 'ಡ್ಯಾಡ್ಸ್ ಆರ್ಮಿ' ಹಾಸ್ಯ ಸರಣಿಯ ಒಂದು ಕಂತು ಪ್ರಸಾರ ಮಾಡಿತು. ಇದನ್ನು ಬಳಿದ ಬಣ್ಣ ಅನ್ನಬಾರದು, ಒಳಗೆ ಇದ್ದದ್ದನ್ನೇ ತೆಗೆದದ್ದು. ಆದರೆ ಮೂಲ ಕಾರ್ಯಕ್ರಮ ಬಣ್ಣದಲ್ಲಿ ಇದ್ದಿದ್ದರೆ ಮಾತ್ರ ಇದು ಸಾಧ್ಯ. ಬೀಟಲ್ಸ್‌ನ 1964ಕ್ಕೆ ಈ ಮದ್ದು ನಡೆಯಲ್ಲ.

ನಾನಾದ್ರೆ ಯಾವುದನ್ನು ಮೊದಲು ನೋಡ್ತೀನಿ? ಟೇಪಿನಲ್ಲಿ ಉಳಿದದ್ದು ಅಂದರೆ ಎಲ್ವಿಸ್ ಪ್ರೀಸ್ಲಿ 1968ರ ಜೂನ್‌ನಲ್ಲಿ ಎನ್‌ಬಿಸಿಗೆ ಮಾಡಿದ ಕಾರ್ಯಕ್ರಮ. ಡಿಸೆಂಬರ್ 3ರಂದು ಪ್ರಸಾರವಾಯಿತು. ಮೈಮೇಲೆ ಕರಿ ಚರ್ಮದ ದಿರಿಸು, ಸುತ್ತ ಕೈಗೆಟುಕುವ ಹಾಗೆ ಕೂತ ಜನ. ಪ್ರಸಾರಕ್ಕೆ ಸೇರಿಸದ ಟೇಪುಗಳೂ ಉಳಿದಿರೋದರಿಂದ ಒಂದೇ ಹಾಡನ್ನು ಬೇರೆ ಬೇರೆ ಸಲ ಹಾಡಿದ್ದು ನೋಡಬಹುದು. ಫಿಲ್ಮಿನಲ್ಲಿ ಅಂದರೆ 1967ರ ಜೂನ್‌ನಲ್ಲಿ ಅಮೆರಿಕದಲ್ಲಿ ನಡೆದ ಮಾಂಟೆರೆ ಸಂಗೀತ ಉತ್ಸವ. ಅದನ್ನು ತೆಗೆಯೋಕೆ ದುಡ್ಡು ಕೊಟ್ಟಿದ್ದು ಎಬಿಸಿ ಟಿವಿ. ತೆಗೆದದ್ದನ್ನು ನೋಡಿ ಆ ಟಿವಿಯವರೇ ಬೇಡ ಅಂದರು, ಥಿಯೇಟರಿಗೆ ಹೋಯಿತು. ಅದರ ಕೊನೆಯಲ್ಲಿ ರವಿಶಂಕರ್ ಸಿತಾರ್, ಅಲ್ಲಾ ರಖಾ ತಬಲಾ ಇದೆ. ಮೊಬೈಲಿನಲ್ಲಿ ಬೇಡ, ಸ್ವಲ್ಪ ದೊಡ್ಡ ಪರದೆಯಲ್ಲಿ ನೋಡಿ.