ದಿನಾ ಸಿಐಪಿ (ಮಷೀನ್ ಬಿಚ್ಚದೇ ಒಳಗೇ ದ್ರಾವಣ ಹರಿಸಿ ತೊಳೆಯುವುದು) ಮಾಡಿದರೂ ಹಾಲಿನಿಂದ ಕೆನೆ ಬೇರ್ಪಡಿಸುವ ಕ್ರೀಮ್ ಸೆಪರೇಟರ್ ಸರಿ ಹೋಗುತ್ತಿಲ್ಲ. ತೊಳೆಯುವ ಕಾಸ್ಟಿಕ್ ಸೋಡಾ ಜಾಸ್ತಿ ಮಾಡಲೇ, ಹೊಸ ಮಷೀನ್ ತರಲೇ?

ಎರಡೂ ಬೇಡ. ಕಾಸ್ಟಿಕ್ ಅನ್ನು ಒಂದೂವರೆಯಿಂದ ಮೂರು ಪರ್ಸೆಂಟಿಗೆ ಏರಿಸುವುದೂ ಬೇಡ, ಹೊಸ ಸೆಪರೇಟರಿಗೆ ಕೊಟೇಶನ್ ತರಿಸುವುದೂ ಬೇಡ. ಕೆನೆ ತೆಗೆದ ಸ್ಕಿಮ್ ಹಾಲಿನ ಫ್ಯಾಟ್ 0.05ರಿಂದ 0.12 ಪರ್ಸೆಂಟಿಗೆ ಹೋಗಿದೆ, ಶೂಟ್ (ಒಳಗೆ ಕೂತ ಕೊಳೆಯನ್ನು ಮಷೀನ್ ತಾನೇ ಹೊರಗೆ ಉಗಿಯುವುದು) ಆದ ಮೇಲೆ ಮಷೀನ್ ನಡುಗುತ್ತದೆ, ಸಿಐಪಿ ಮಾತ್ರ ಒಂದು ದಿನವೂ ತಪ್ಪಿಲ್ಲ ಅಂತ ಬರೆದಿದ್ದೀರಿ. ಶೂಟ್ ಮಾಡಿಸುವ ನೀರು ಎಲ್ಲಿಂದ ಬರುತ್ತದೆ ಅಂತ ಬರೆದಿಲ್ಲ. ನಿಮ್ಮ ಕಾಯಿಲೆ ಇರುವುದು ಅಲ್ಲೇ ಅಂತ ನನ್ನ ಅನುಮಾನ.

ನಾನು ಕೋಲಾರದ ಕಡೆ ಒಂದು ಖಾಸಗಿ ಡೈರಿಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಆ ಕಡೆ ನೀರು ಅಂದರೆ ಬೋರ್‌ವೆಲ್, ಬೋರ್‌ವೆಲ್ ಅಂದರೆ ಸುಣ್ಣದ ಅಂಶ ಜಾಸ್ತಿಯಿರುವ ಗಡಸು ನೀರು. ಆ ಗಡಸುತನ ತೆಗೆಯಲು ಇದ್ದದ್ದು ಒಂದೇ ಸಾಫ್ಟ್‌ನರ್. ಬಾಯ್ಲರಿಗೂ ಸೆಪರೇಟರಿಗೂ ಅದರದೇ ನೀರು. ಹಾಲಿನ ಕಲೆಕ್ಷನ್ ಏರಿತು, ಸ್ಟೀಮ್ ಜಾಸ್ತಿ ಬೇಕಾಯಿತು, ಸಾಫ್ಟ್‌ನರ್ ಏದುಸಿರು ಬಿಡತೊಡಗಿತು. ಆಗ ನಾನು ಸೆಪರೇಟರಿಗೆ ಹೋಗುವ ಆಪರೇಟಿಂಗ್ ನೀರಿನ, ಅಂದರೆ ಶೂಟ್ ಮಾಡಿಸುವ ನೀರಿನ, ಪೈಪನ್ನು ಸಾಫ್ಟ್‌ನರ್ ಲೈನಿನಿಂದ ಬಿಚ್ಚಿ, ಮೇಲಿನ ಟ್ಯಾಂಕಿನ ಬೋರ್ ನೀರಿಗೆ ಸೇರಿಸಿದೆ. ಅರ್ಧ ಇಂಚಿನ ಪೈಪು, ಎರಡು ಎಲ್ಬೋ, ಒಂದು ವಾಲ್ವ್. ಒಂದು ಶಿಫ್ಟ್‌ ಕೂಡ ಹಿಡಿಯಲಿಲ್ಲ.

ಯಾಕೆ ಹಾಗೆ ಮಾಡಿದೆ ಅಂದರೆ, ಲೆಕ್ಕ ಚೆನ್ನಾಗೇ ಕೂಡಿಬಂದಿತ್ತು. ಬಾಯ್ಲರಿಗೆ ಗಡಸು ನೀರು ಹೋದರೆ ಟ್ಯೂಬ್ ಸುಟ್ಟು ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಸೆಪರೇಟರ್ ಕುಡಿಯುವ ನೀರು ಎಷ್ಟು ಮಹಾ? ಆ ನೀರು ಹಾಲಿಗೆ ತಾಗುವುದೂ ಇಲ್ಲ. ಮಷೀನಿನೊಳಗೆ ಗಿರ್ರನೆ ತಿರುಗುವ ಪಾತ್ರೆ, ಅಂದರೆ ಬೌಲಿನ ಕೆಳಗೆ ಹೋಗಿ, ತನ್ನ ಕೆಲಸ ಮಾಡಿ, ಚರಂಡಿಗೆ ಬೀಳುತ್ತದೆ. ಅದೇ ಬೋರ್ ನೀರನ್ನು ಕ್ಯಾಂಟೀನಿನಲ್ಲಿ ಎಲ್ಲರೂ ಕುಡಿಯುತ್ತಿದ್ದರು, ಲ್ಯಾಬ್ ರಿಪೋರ್ಟೂ ಪಾಸಾಗಿತ್ತು. ಮನುಷ್ಯರಿಗೆ ಆಗುವ ನೀರು ಸ್ಟೀಲಿಗೆ ಆಗಲ್ವಾ?

ಆಗಲ್ಲ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ, ಬೇರೆ ನೀರು ಸಿಗದ ಕಡೆ ಗಡಸುತನ ಲೀಟರಿಗೆ 600 ಮಿಲಿಗ್ರಾಂವರೆಗೂ ಒಪ್ಪಿತ. ಸೆಪರೇಟರ್ ಮ್ಯಾನ್ಯುಯಲ್‌ಗಳಲ್ಲಿ ಆಪರೇಟಿಂಗ್ ನೀರಿಗೆ ಕೊಡುವ ಮಿತಿ ಸುಮಾರು 180. ಬಿಸಿ ಏರಿದಷ್ಟೂ, ಶೂಟ್ ಕಡಿಮೆಯಾದಷ್ಟೂ ಸುಣ್ಣ ಬೇಗ ಕೂರುತ್ತದೆ ಅಂತ ಅದರ ಜೊತೆಗೇ ಬರೆದಿರುತ್ತಾರೆ. ನಮ್ಮ ಮ್ಯಾನ್ಯುಯಲ್ ಆಫೀಸಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಭದ್ರವಾಗಿತ್ತು.

ಆ ನೀರು ಒಳಗೆ ಏನು ಮಾಡುತ್ತದೆ ಅಂತ ಹೇಳದಿದ್ದರೆ ಇದು ತಲೆಗೆ ಹೋಗುವುದಿಲ್ಲ. ಬೌಲಿನೊಳಗೆ ಶಂಕುವಿನಾಕಾರದ ತೆಳು ಡಿಸ್ಕ್‌ಗಳು ಒಂದರ ಮೇಲೊಂದು ಕೂತಿರುತ್ತವೆ, ಮಧ್ಯೆ ಅರ್ಧ ಮಿಲಿಮೀಟರಿನಷ್ಟು ಸಂದು. ಬೆಚ್ಚಗಿನ ಹಾಲು ಆ ಸಂದುಗಳಲ್ಲಿ ಹಂಚಿಹೋಗುತ್ತದೆ. ಕೆನೆ ಹಗುರ, ಒಳಗೆ ಸರಿಯುತ್ತದೆ. ಸ್ಕಿಮ್ ಭಾರ, ಹೊರಗೆ ಸರಿಯುತ್ತದೆ. ಡಿಸ್ಕ್ ಇಲ್ಲದ ಕಾಲದಲ್ಲಿ ಬೌಲ್ ಬರೀ ಖಾಲಿ ಪಾತ್ರೆ. ಗುಸ್ತಾಫ್ ದ ಲಾವಲ್ 1878ರಲ್ಲಿ ಸ್ವೀಡನ್ನಿನಲ್ಲಿ ಮಾಡಿ ತೋರಿಸಿದ್ದು ಅಂಥದ್ದನ್ನೇ. ಶಂಕು ಡಿಸ್ಕಿನ ಐಡಿಯಾ ಜರ್ಮನಿಯ ಬೆಖ್ಟೋಲ್ಸ್‌ಹೈಮ್ ಅವರದು, ಅದರ ಪೇಟೆಂಟನ್ನು ದ ಲಾವಲ್ ಕಂಪನಿ ಆಮೇಲೆ ಕೊಂಡುಕೊಂಡಿತು. ಕೆನೆಯ ಕಣ ಅಷ್ಟು ದೂರ ಸಾಗುವ ಬದಲು ಅರ್ಧ ಮಿಲಿಮೀಟರ್ ಸಾಗಿದರೆ ಸಾಕು ಅನ್ನುವುದೇ ಅದರ ಗುಟ್ಟು. ಇದು ಸುಮ್ನೆ ಹೇಳಿದೆ, ನಿಮ್ಮ ತೊಂದರೆ ಇರುವುದು ಇದಕ್ಕಿಂತ ಕೆಳಗೆ.

ಹಾಲಿನ ಮಣ್ಣು, ಸತ್ತ ಕೋಶಗಳು, ಗಟ್ಟಿಯಾದ ಪ್ರೋಟೀನ್ ಎಲ್ಲಾ ಬೌಲಿನ ಅತಿ ಅಗಲದ ಜಾಗಕ್ಕೆ ಹೋಗಿ ಅಂಟುತ್ತವೆ. ಇದೇ ಸ್ಲಡ್ಜ್. ಆ ಅಂಚಿನ ಸುತ್ತ ಕಿಂಡಿಗಳಿವೆ. ಅವನ್ನು ಮುಚ್ಚಿ ಹಿಡಿದಿರುವುದು ಮೇಲೆ ಕೆಳಗೆ ಜಾರುವ ಒಂದು ತಳ. ಆ ತಳವನ್ನು ಮೇಲಕ್ಕೆ ಒತ್ತಿ ಹಿಡಿಯುವುದು ಸ್ಪ್ರಿಂಗ್ ಅಲ್ಲ, ನೀರು. ಬೌಲಿನ ಜೊತೆ ತಿರುಗುವ ನೀರಿನ ಒತ್ತಡ. ಶೂಟ್ ಸಿಗ್ನಲ್ ಬಂದಾಗ ಇನ್ನೊಂದಿಷ್ಟು ನೀರು ಒಳಗೆ ನುಗ್ಗಿ, ಕೆಳಗೆ ಜಾರುವ ಇನ್ನೊಂದು ಭಾಗವಾದ ಸ್ಲೈಡನ್ನು ತಳ್ಳಿ, ಸಣ್ಣ ವಾಲ್ವ್‌ಗಳನ್ನು ತೆರೆಯುತ್ತದೆ. ಒತ್ತಿ ಹಿಡಿದಿದ್ದ ನೀರು ಹೊರಗೆ ಹೋಗುತ್ತದೆ, ತಳ ಕುಸಿಯುತ್ತದೆ, ಸ್ಲಡ್ಜ್ ಹೊರಗೆ ಸಿಡಿಯುತ್ತದೆ. ತೆರೆಸಿದ ನೀರು ಒಂದು ಪುಟ್ಟ ನಾಝಲ್ ತೂತಿನಿಂದ ಖಾಲಿಯಾದ ಕೂಡಲೇ ಎಲ್ಲಾ ಮತ್ತೆ ಮುಚ್ಚಿಕೊಳ್ಳುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರಲ್ಲಿ ಆಗಬೇಕು.

ಈಗ ಆ ಪುಟ್ಟ ತೂತಿನಲ್ಲಿ ಸುಣ್ಣ ಕೂತಿತು ಅಂದುಕೊಳ್ಳಿ. ನೀರು ನಿಧಾನ ಖಾಲಿಯಾಗುತ್ತದೆ, ಬೌಲ್ ಮುಚ್ಚುವುದು ತಡವಾಗುತ್ತದೆ, ಒಳ್ಳೆಯ ಹಾಲೂ ಸ್ಲಡ್ಜ್ ಜೊತೆ ಚರಂಡಿಗೆ. ತೆರೆಸುವ ನೀರು ಬರುವ ದಾರಿಯಲ್ಲಿ ಕೂತರೆ ಶೂಟ್ ಅರ್ಧಂಬರ್ಧ. ಸ್ಲಡ್ಜ್ ಒಂದು ಕಡೆ ಹೋಗುತ್ತದೆ, ಇನ್ನೊಂದು ಕಡೆ ಉಳಿಯುತ್ತದೆ. ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುವ ಬೌಲಿನಲ್ಲಿ ಒಂದು ಕಡೆ ಭಾರ ಉಳಿದರೆ ಏನಾಗುತ್ತದೆ? ನೀವು ಬರೆದ ನಡುಕ. ಉಳಿದ ಸ್ಲಡ್ಜ್ ಬೆಳೆದು ಡಿಸ್ಕಿನ ಅಂಚಿನವರೆಗೆ ಬಂದರೆ ಸ್ಕಿಮ್ ಹೊರಗೆ ಹೋಗುವ ದಾರಿ ಕಟ್ಟುತ್ತದೆ. ನೀವು ಬರೆದ ಫ್ಯಾಟ್.

ನಮ್ಮಲ್ಲೂ ಇದೇ ಕ್ರಮದಲ್ಲಿ ಬಂತು. ನಾವು ಮಾಡಿದ್ದೂ ನೀವು ಮಾಡಹೊರಟಿರುವುದನ್ನೇ. ಕಾಸ್ಟಿಕ್ ಏರಿಸಿದೆವು, ಟೆಂಪರೇಚರ್ 75ರಿಂದ 85ಕ್ಕೆ ಏರಿಸಿದೆವು, ಸರ್ಕ್ಯುಲೇಶನ್ ಟೈಮ್ ಉದ್ದ ಮಾಡಿದೆವು. ಕೆಮಿಕಲ್ ಮಾರುವವರು ಇನ್ನೂ ಒಂದು ಡ್ರಮ್ ಕೊಟ್ಟು ಹೋದರು, ಅವರು ಬೇರೇನು ಹೇಳಿಯಾರು! ಎರಡು ದಿನ ಫ್ಯಾಟ್ ಇಳಿಯಿತು, ಆಮೇಲೆ ಮೊದಲಿಗಿಂತ ಜಾಸ್ತಿಯಾಯಿತು.

ಇದನ್ನು ಸ್ವಲ್ಪ ನಿಧಾನ ಓದಿ. ಸಿಐಪಿ ದ್ರಾವಣ ಹೋಗುವುದು ಹಾಲು ಹೋಗುವ ದಾರಿಯಲ್ಲಿ ಮಾತ್ರ. ಆಪರೇಟಿಂಗ್ ನೀರಿನ ದಾರಿ ಬೇರೆ, ಅಲ್ಲಿಗೆ ಕಾಸ್ಟಿಕ್ಕೂ ತಲುಪುವುದಿಲ್ಲ, ನೈಟ್ರಿಕ್ ಆ್ಯಸಿಡ್ಡೂ ತಲುಪುವುದಿಲ್ಲ. ಆದರೆ ಬಿಸಿ ತಲುಪುತ್ತದೆ. ಬೌಲ್ ಇಡೀ 85 ಡಿಗ್ರಿಗೆ ಕಾಯುತ್ತದೆ, ಕೆಳಗಿರುವ ಗಡಸು ನೀರೂ ಕಾಯುತ್ತದೆ, ಬೋರ್ ನೀರು ಕಾಸಿದ ಹಂಡೆಯ ತಳದಲ್ಲಿ ಕೂರುವ ಅದೇ ಬಿಳಿ ಪೊರೆ ನಾಝಲಿನಲ್ಲೂ ಕೂರುತ್ತದೆ. ಅಂದರೆ ನಾವು ಸಿಐಪಿ ಜೋರು ಮಾಡಿದಷ್ಟೂ ಕಾಯಿಲೆ ಜೋರಾಗುತ್ತಿತ್ತು. ಗಟ್ಟಿ ಕಾಸ್ಟಿಕ್ಕಿಗೆ ರಬ್ಬರ್ ರಿಂಗುಗಳೂ ಬಿರುಸಾದವು, ಅದು ಬೇರೆ.

ಕೊನೆಗೆ ಹಾಲು ತುಂಬಿ ಬರುವ ದಿನಗಳಲ್ಲೇ ನಡುಕ ಮಿತಿ ಮೀರಿ, ವೈಬ್ರೇಶನ್ ಟ್ರಿಪ್ ಆಗಿ ಮಷೀನ್ ನಿಂತಿತು. ಗೇಟಿನಲ್ಲಿ ಟ್ಯಾಂಕರ್ ಸಾಲು. ಒಂದಷ್ಟು ಹಾಲು ಹುಳಿಯಾಯಿತು, ಸ್ಪಿಂಡಲ್ ಬೇರಿಂಗ್ ಹೋಯಿತು. ಸರ್ವೀಸಿಗೆ ಬಂದವರು ಬೌಲ್ ಬಿಚ್ಚಿ, ನಾಝಲನ್ನು ಟಾರ್ಚ್ ಬೆಳಕಿಗೆ ಹಿಡಿದು ತೋರಿಸಿದರು. ಒಳಗಿನಿಂದ ಬೆಳಕೇ ಬರುತ್ತಿರಲಿಲ್ಲ. ಸ್ಲೈಡಿನ ಮೇಲೆ ಉಗುರಿನಿಂದ ಕೆರೆದರೆ ಬಿಳಿ ಪುಡಿ. ಸ್ಲಡ್ಜ್ ಜಾಗದಲ್ಲಿ ಒಂದೇ ಬದಿಗೆ ಹೆಬ್ಬೆರಳು ದಪ್ಪ ಬೂದು ಬಣ್ಣದ ಗಟ್ಟಿ ಪದರ, ಹಳೆಯ ಮೇಣದ ಹಾಗೆ. ಅವರು ಕೇಳಿದ ಮೊದಲ ಪ್ರಶ್ನೆಯೇ, "ಈ ನೀರು ಯಾವುದು?"

ಫ್ಯಾಟ್ ಲೆಕ್ಕವನ್ನೂ ಹಾಕಿ. ದಿನಕ್ಕೆ 20,000 ಕೆಜಿ ಸ್ಕಿಮ್ ಅಂದರೆ, 0.07 ಪರ್ಸೆಂಟ್ ಜಾಸ್ತಿ ಹೋದರೆ 14 ಕೆಜಿ ಫ್ಯಾಟ್. ದಿನಾ. ಅದನ್ನು ತುಪ್ಪದ ರೇಟಿಗೆ ಗುಣಿಸಿ ಮಾಲೀಕರಿಗೆ ತೋರಿಸಿ, ಸಾಫ್ಟ್‌ನರಿಗೆ ಸ್ಯಾಂಕ್ಷನ್ ತಾನಾಗೇ ಸಿಗುತ್ತದೆ.

ಹಾಗಾಗಿ ನಾಳೆ ಬೆಳಗ್ಗೆ ಮೊದಲು ನೀರು ಟೆಸ್ಟ್ ಮಾಡಿಸಿ. ಸಾಫ್ಟ್‌ನರ್ ಬಾಯಲ್ಲಿ ಅಲ್ಲ, ಸೆಪರೇಟರಿಗೆ ಸೇರುವ ಜಾಗದಲ್ಲೇ ಹಿಡಿದ ನೀರು. ಗಡಸುತನ ಅಳೆಯುವ ಇಡಿಟಿಎ ಟೈಟ್ರೇಶನ್ ನಿಮ್ಮ ಲ್ಯಾಬಿನಲ್ಲೇ ಆಗುತ್ತದೆ. ಕ್ಲೋರೈಡನ್ನೂ ನೋಡಿ, ಜಾಸ್ತಿಯಿದ್ದರೆ ಸ್ಟೀಲನ್ನೇ ತಿನ್ನುತ್ತದೆ. ಆಮೇಲೆ ಶೂಟ್ ಆಗುವಾಗ ಪಕ್ಕದಲ್ಲಿ ನಿಂತು ಕೇಳಿ. ಒಳ್ಳೆಯ ಶೂಟಿಗೆ ಚಿಕ್ಕ, ಗಟ್ಟಿ "ಧಡ್" ಸದ್ದು ಬರುತ್ತದೆ, ಆ್ಯಮ್‌ಮೀಟರ್ ಮುಳ್ಳು ತಟ್ಟನೆ ಏರಿ ಇಳಿಯುತ್ತದೆ. "ಸೊಯ್ಯ್" ಅಂತ ಎಳೆದರೆ ಅಥವಾ ಮುಳ್ಳು ಅಲ್ಲಾಡದೇ ಇದ್ದರೆ ಬೌಲ್ ಸರಿಯಾಗಿ ತೆರೆಯುತ್ತಿಲ್ಲ, ಇಲ್ಲಾ ಸರಿಯಾಗಿ ಮುಚ್ಚುತ್ತಿಲ್ಲ. ಹಾಲಿನ ಟೆಂಪರೇಚರ್ ಕಡಿಮೆಯಾದರೂ, ಪಂಪ್ ಗಾಳಿ ಎಳೆದರೂ ಸ್ಕಿಮ್ ಫ್ಯಾಟ್ ಏರುತ್ತದೆ ನಿಜ. ಅದರಿಂದ ಮಷೀನ್ ನಡುಗುವುದಿಲ್ಲ, ಅಲ್ವಾ?

ಆಮೇಲೆ ಬೌಲ್ ಬಿಚ್ಚಿ. ಸ್ವಿಚ್ ಆಫ್ ಮಾಡಿದ ಮೇಲೂ ಅದು ತುಂಬಾ ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಲ್ಲುವವರೆಗೆ ಒಂದು ಬೋಲ್ಟನ್ನೂ ಮುಟ್ಟಬೇಡಿ, ಎಷ್ಟೇ ಅವಸರ ಇರಲಿ. ಬೌಲನ್ನು ಬಿಗಿಯುವ ಲಾಕ್ ರಿಂಗಿಗೆ ಹೆಚ್ಚಿನ ಮಷೀನುಗಳಲ್ಲಿ ಎಡ ಥ್ರೆಡ್, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಹೊಸ ಹುಡುಗರು ಬಿಚ್ಚುತ್ತೇವೆ ಅಂತ ಬಿಗಿ ಮಾಡಿಬಿಡುತ್ತಾರೆ. ಡಿಸ್ಕ್‌ಗಳ ಕ್ರಮ ತಪ್ಪಬಾರದು, ಬೌಲ್ ಮೇಲಿನ ಗುರುತುಗಳು ಎದುರುಬದುರು ಕೂರಬೇಕು. ಪಕ್ಕದ ಮಷೀನಿನ ಬೌಲಿನ ಭಾಗವನ್ನು ಇದಕ್ಕೆ ಹಾಕಲೇಬೇಡಿ, ಪ್ರತಿ ಬೌಲನ್ನೂ ಒಟ್ಟಾಗಿಯೇ ಬ್ಯಾಲೆನ್ಸ್ ಮಾಡಿರುತ್ತಾರೆ.

ಸುಣ್ಣ ಕೂತ ಭಾಗಗಳನ್ನು ಹತ್ತು ಪರ್ಸೆಂಟ್ ಅಸಿಟಿಕ್ ಆ್ಯಸಿಡ್ ಬಿಸಿ ಮಾಡಿ ಅದರಲ್ಲಿ ನೆನೆಹಾಕಿ. ಕೈಗವಸು, ಕನ್ನಡಕ ಹಾಕಿಕೊಂಡೇ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬೇಡವೇ ಬೇಡ, ಅದರಲ್ಲಿರುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಸ್ಟೇನ್‌ಲೆಸ್ ಸ್ಟೀಲಿಗೆ ಗುಂಡಿ ಕೊರೆಯುತ್ತದೆ. ನಾಝಲಿಗೆ ಮೆದು ತಂತಿ ಆಡಿಸಿ ಸಾಕು, ಮೊಳೆ ಹಾಕಿದರೆ ತೂತು ದೊಡ್ಡದಾಗಿ ಟೈಮಿಂಗ್ ಎಲ್ಲಾ ಹಾಳು. ರಬ್ಬರ್ ರಿಂಗುಗಳನ್ನು ಹೊಸದು ಹಾಕಿ.

ಸಿಐಪಿಯನ್ನು ಮೊದಲಿನ ಹಾಗೇ ಇಡಿ. ಹಾಲು ಮುಗಿದ ಕೂಡಲೇ ಉಗುರುಬೆಚ್ಚಗಿನ ನೀರು, ಕುದಿಯುವ ನೀರಲ್ಲ, ಇಲ್ಲದಿದ್ದರೆ ಪ್ರೋಟೀನ್ ಅಲ್ಲೇ ಬೆಂದು ಅಂಟುತ್ತದೆ. ಆಮೇಲೆ ಒಂದೂವರೆ ಪರ್ಸೆಂಟ್ ಕಾಸ್ಟಿಕ್ 75ರ ಹತ್ತಿರ, ನೀರು, ತೆಳು ನೈಟ್ರಿಕ್, ಮತ್ತೆ ನೀರು. ಪ್ರತಿ ಹಂತದಲ್ಲೂ ಶೂಟ್ ಕೊಡಿ. ಶೂಟ್ ಇಲ್ಲದ ಸಿಐಪಿಯಲ್ಲಿ ದ್ರಾವಣ ಸ್ಲಡ್ಜಿನ ಪಕ್ಕದಲ್ಲೇ ಹಾದು ಹೋಗುತ್ತದೆ, ಅದನ್ನು ಅಲ್ಲಾಡಿಸುವುದಿಲ್ಲ. ಕ್ರಿಮಿ ಕೊಲ್ಲಲು ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಬಳಸುವವರಾದರೆ ಆ್ಯಸಿಡ್ ಇದ್ದ ಲೈನಿಗೆ ಅದನ್ನು ಬಿಡಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ.

ಹೊಸ ಮಷೀನ್ ತಂದು ಇದೇ ನೀರು ಕೊಟ್ಟರೆ ಅದರ ನಾಝಲೂ ಹೀಗೇ ಕಟ್ಟುತ್ತದೆ. ದುಡ್ಡಿದ್ದರೆ ಸೆಪರೇಟರಿಗೇ ಅಂತ ಬೇರೆ ಸಾಫ್ಟ್‌ನರ್ ಹಾಕಿ, ಅದಕ್ಕೆ ಉಪ್ಪು ಹಾಕಿದ ತಾರೀಖನ್ನು ಲಾಗ್ ಬುಕ್ಕಿನಲ್ಲಿ ಬರೆಸಿ.

ಸಿಐಪಿ ಇರುವಾಗ ಬೌಲ್ ಬಿಚ್ಚುವ ಅಗತ್ಯವೇ ಇಲ್ಲ ಅಂತ ನಿಮ್ಮ ಸೀನಿಯರ್ ಹೇಳುತ್ತಾರೆ ಅಂದಿರಲ್ಲ, ನಾನು ಒಪ್ಪಲ್ಲ. ಮ್ಯಾನ್ಯುಯಲ್‌ನ ಗಂಟೆಗಳ ಲೆಕ್ಕ, ಅಂದರೆ ಎಷ್ಟು ಗಂಟೆ ಓಡಿದ ಮೇಲೆ ಬಿಚ್ಚಬೇಕು ಅನ್ನುವುದನ್ನು, ಮೊದಲು ನೋಡಿ. ನಿಮ್ಮ ನೀರು 180ರ ಮೇಲಿದ್ದರೆ, ಸಾಫ್ಟ್‌ನರ್ ಬರುವವರೆಗೆ ಅದಕ್ಕೂ ಮುಂಚೆ ಬಿಚ್ಚಬೇಕು. ಟೆಸ್ಟಿನ ನಂಬರ್ ಬಂದಾಗ ಕಾಮೆಂಟಿನಲ್ಲಿ ಹಾಕಿ, ಸ್ಲೈಡಿನ ಫೋಟೋ ಇದ್ದರೆ ಅದನ್ನೂ.