ಪ್ಲೇಫೋರ್ಡ್ ಪ್ರಕಾಶಕ, ಸಂಯೋಜಕನಲ್ಲ

ತಮ್ಮಲ್ಲಿರುವ 'ಹೋಲ್ ಇನ್ ದ ವಾಲ್' ಎಂಬ ಹಳೆಯ ಇಂಗ್ಲಿಷ್ ನೃತ್ಯಧಾಟಿಯ ಸ್ವರಲಿಪಿಯ ಮೇಲೆ 'ಪ್ಲೇಫೋರ್ಡ್' ಎಂದಷ್ಟೇ ಇದೆ, ಆತನೇ ಸಂಯೋಜಕನೇ ಎಂದು ಕೇಳಿದ್ದೀರಿ. ಅಲ್ಲ. ಜಾನ್ ಪ್ಲೇಫೋರ್ಡ್ ಲಂಡನ್ನಿನ ಪುಸ್ತಕ ವ್ಯಾಪಾರಿ. 1651ರಲ್ಲಿ ಆತ ಹೊರತಂದ, 105 ನೃತ್ಯಗಳ ಸಂಗ್ರಹದಲ್ಲಿ ಧಾಟಿಯ ಒಂಟಿ ಸಾಲೂ ಅದರ ಕೆಳಗೆ ಹೆಜ್ಜೆಗಳ ವಿವರವೂ ಇರುತ್ತಿದ್ದವೇ ಹೊರತು ಸಂಯೋಜಕರ ಹೆಸರು ಇರುತ್ತಿರಲಿಲ್ಲ. ಆತನ ನಂತರ ಮಗ ಹೆನ್ರಿ, ಆಮೇಲೆ ಜಾನ್ ಯಂಗ್ ಈ ಸಂಗ್ರಹವನ್ನು ಹಿಗ್ಗಿಸುತ್ತ ಹೋದರು.

ತಮ್ಮ ಧಾಟಿ ಸೇರಿದ್ದು ಹೆನ್ರಿಯ ಕಾಲದಲ್ಲಿ, ಅಂದರೆ ಜಾನ್ ತೀರಿಕೊಂಡ ಮೇಲೆ. ಅದು ಇಂಗ್ಲಿಷ್ ಸಂಯೋಜಕ ಹೆನ್ರಿ ಪರ್ಸೆಲ್, ನಾಟಕಕಾರ್ತಿ ಆಫ್ರಾ ಬೆನ್ ಅವರ 'ಅಬ್ದೆಲಾಜರ್' ನಾಟಕದ 1695ರ ಮರುಪ್ರದರ್ಶನಕ್ಕಾಗಿ ರಚಿಸಿದ ಹಾರ್ನ್‌ಪೈಪ್ ಎಂಬ ಬಗೆಯ ನೃತ್ಯಧಾಟಿ; ರಂಗಭೂಮಿಯಲ್ಲಿ ಜನ ಮೆಚ್ಚಿದ್ದನ್ನು ಪ್ರಕಾಶಕರು ಹೊಸ ಹೆಸರಿಟ್ಟು ನೃತ್ಯಕ್ಕೆ ಒಗ್ಗಿಸಿಕೊಳ್ಳುವುದು ಆಗ ಮಾಮೂಲಾಗಿತ್ತು. ಆದ್ದರಿಂದ ಇಂಥ ಧಾಟಿಗಳ ಮೂಲ ಹುಡುಕುವವರು, ಅದು ಮೊದಲು ಕಾಣಿಸಿಕೊಂಡ ಆವೃತ್ತಿಯನ್ನು ಗುರುತಿಸಿ, ಅದಕ್ಕಿಂತ ಹಿಂದಿನ ನಾಲ್ಕೈದು ವರ್ಷಗಳ ನಾಟಕಸಂಗೀತದೊಡನೆ ಸ್ವರಗಳನ್ನು ಹೋಲಿಸಿ ನೋಡುವುದು ಉತ್ತಮ. ಶೀರ್ಷಿಕೆ ಹೊಂದಿಕೆಯಾಗುತ್ತದೆಂದು ನೆಚ್ಚಬಾರದು. ಇಸವಿಯಿಲ್ಲದ ಮುದ್ರಣವಾದರೆ, ಮುಖಪುಟದಲ್ಲಿರುವ ಅಂಗಡಿಯ ವಿಳಾಸವನ್ನು ಗಮನಿಸಿ: ಪ್ರಕಾಶಕನು ಆ ಬೀದಿಯಲ್ಲಿದ್ದ ಅವಧಿ ಗೊತ್ತಾದರೆ ಮುದ್ರಣದ ಕಾಲವೂ ಬಹುಮಟ್ಟಿಗೆ ತಿಳಿಯುತ್ತದೆ.