ಸಣ್ಣ ಎಂಜಿನಿಯರಿಂಗ್ ಕಂಪನಿಯೊಂದು ಬೃಹತ್ ವಿದ್ಯುತ್ ಯೋಜನೆಗಳನ್ನು ಕಟ್ಟುವಷ್ಟು ಬೆಳೆಯುವುದು ಹೇಗೆ?

ಯಂತ್ರಗಳು, ನುರಿತ ಎಂಜಿನಿಯರುಗಳು ಇದ್ದರೆ ಸಾಕು ಎಂದು ಅನೇಕರು ಭಾವಿಸುತ್ತಾರೆ. ಆದರೆ ಮೊದಲ ಅಡ್ಡಿ ಹಣದ ಖಾತರಿಯದು. ಕೆಲಸ ಅರ್ಧಕ್ಕೆ ನಿಂತರೆ ನಷ್ಟ ತುಂಬಿಕೊಡುವ ಗ್ಯಾರಂಟಿ ಇಲ್ಲದೆ ದೊಡ್ಡ ಟೆಂಡರ್‌ನ ಹತ್ತಿರವೂ ಸುಳಿಯಲಾಗದು.

ಅಮೆರಿಕದ ಹೂವರ್ ಅಣೆಕಟ್ಟನ್ನೇ ನೋಡಿ. ಅದಕ್ಕೆ ಬೇಕಿದ್ದ ಖಾತರಿ 50 ಲಕ್ಷ ಡಾಲರ್. ಒಬ್ಬರಿಂದ ಆಗದ್ದನ್ನು ಬೆಕ್ಟೆಲ್, ಕೈಸರ್, ಮಾರಿಸನ್-ನಡ್ಸನ್ ಮೊದಲಾದ ಗುತ್ತಿಗೆದಾರರು ಕೈಜೋಡಿಸಿ ಸಾಧಿಸಿದರು. 'ಸಿಕ್ಸ್ ಕಂಪನೀಸ್' ಎಂಬ ಕೂಟ ಕಟ್ಟಿಕೊಂಡು 1931ರಲ್ಲಿ ಸುಮಾರು 4.89 ಕೋಟಿ ಡಾಲರ್‌ಗೆ ಗುತ್ತಿಗೆ ಪಡೆದರು.

ಅಲ್ಲಿನ ಒಂದು ಕೆಲಸ ನನಗೆ ಇಂದಿಗೂ ಬೆರಗು. ಕಾಂಕ್ರೀಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಒಂದೇ ರಾಶಿಯಾಗಿ ಸುರಿದರೆ ಬಿರುಕು ಖಚಿತ. ಹಾಗಾಗಿ ಬಿಡಿ ಬಿಡಿ ಅಚ್ಚುಗಳಲ್ಲಿ ಸುರಿದು, ಒಳಗೆ ಒಂದಂಗುಲದ ಉಕ್ಕಿನ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸಿದರು. ತಣಿದ ಮೇಲೆ ಆ ಕೊಳವೆಗಳಿಗೂ ಸಿಮೆಂಟ್ ಗಾರೆ ತುಂಬಿದರು. ಗಡುವಿಗಿಂತ ಎರಡು ವರ್ಷ ಮೊದಲೇ, 1936ರಲ್ಲಿ ಅಣೆಕಟ್ಟು ಹಸ್ತಾಂತರವಾಯಿತು. ಬೆಕ್ಟೆಲ್ ಮುಂದೆ ತೈಲ ಕೊಳವೆಮಾರ್ಗ, ಪರಮಾಣು ಸ್ಥಾವರಗಳತ್ತ ಬೆಳೆಯಿತು. ಮುಗಿಸಿ ತೋರಿಸಿದ ಕೆಲಸವೇ ಮುಂದಿನ ಗುತ್ತಿಗೆಗೆ ಅರ್ಹತಾಪತ್ರ.

ಬೆಳೆದವರೂ ಮುಗ್ಗರಿಸುತ್ತಾರೆ. ಅಮೆರಿಕದ ಎರಡು ಪರಮಾಣು ಯೋಜನೆಗಳಲ್ಲಿ ವೆಚ್ಚ ಕೈಮೀರಿ, 2017ರಲ್ಲಿ ಪರಮಾಣು ರಿಯಾಕ್ಟರ್ ತಯಾರಿಸುವ ಕಂಪನಿ ವೆಸ್ಟಿಂಗ್‌ಹೌಸ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ವಿನ್ಯಾಸ ಪಕ್ಕಾ ಆಗುವ ಮುನ್ನ ಸ್ಥಿರ ಬೆಲೆಗೆ, ಅಂದರೆ ವೆಚ್ಚ ಏರಿದರೂ ಬದಲಾಗದ ಮೊತ್ತಕ್ಕೆ, ಒಪ್ಪಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.